ಕೀಲುಗಲ್ಲು

ಟೇಪಿನ ಸೊನ್ನೆಯ ತುದಿ ನನ್ನ ಕೈಯಲ್ಲಿ,
ಉಳಿದದ್ದೆಲ್ಲ ಜಸಿಂತಳ ಕೈಯಲ್ಲಿ.
ಬೆಳಗಿನ ಆರೂವರೆ. ದಂಡಿನ ಬೀದಿಯಲ್ಲಿ
ಆಟೋಗಳಿನ್ನೂ ಆಕಳಿಸುತ್ತಿವೆ.
ಪಾರಂಪರಿಕ ಪಟ್ಟಿಯಲ್ಲಿ ಈ ಕಟ್ಟಡಕ್ಕೊಂದು ಸಂಖ್ಯೆ ಉಂಟು;
ಸಂಖ್ಯೆಗೊಂದು ನಕ್ಷೆ ಬೇಕು; ನಕ್ಷೆಗೆ ನಾವು.

ಮುಂಗಟ್ಟು ಅರವತ್ತೆರಡು ಅಡಿ ನಾಲ್ಕಂಗುಲ.
ಕೆಳಗೆ ಐದು ಕಮಾನು, ಮೇಲೆ ಹತ್ತು ಕಿಟಕಿ,
ಒಂದೊಂದು ದೊಡ್ಡದರ ನೆತ್ತಿಗೆ ಎರಡೆರಡು ಚಿಕ್ಕವು,
ಮಕ್ಕಳನ್ನು ಹೆಗಲಿಗೇರಿಸಿಕೊಂಡ ಹಾಗೆ.
ಜಗಲಿಗೆ ಎರಕದ ಕಬ್ಬಿಣದ ಕಂಬ ಆರು:
ಗ್ಲಾಸ್ಗೋದಿಂದ ಹಡಗಿನಲ್ಲಿ ಮದರಾಸು,
ಮದರಾಸಿಂದ ರೈಲಿನಲ್ಲಿ ಇಲ್ಲಿಗೆ.
ಬಡಿದರೆ ಟೊಳ್ಳು ಸದ್ದು. ಒಳಗೆ
ಸೂರಿನ ಮಳೆನೀರು ಇಳಿಯುತ್ತದೆ.
ಭಾರ ಹೊರುವವನೇ ನೀರೂ ಹೊರಲಿ ಎಂಬ
ದೊರೆಗಳ ಲೆಕ್ಕಾಚಾರ.

ಗೋಡೆ ಮಾತ್ರ ಇಲ್ಲಿಯದು:
ಸುಣ್ಣ, ಇಟ್ಟಿಗೆಪುಡಿ, ಬೆಲ್ಲದ ನೀರು, ಅಳಲೆಕಾಯಿ.
ಗಿಲಾವು ಉದುರಿದಲ್ಲಿ ಬೆರಳಿಟ್ಟೆ,
ಜಸಿಂತ ನೋಡದಿದ್ದಾಗ ನಾಲಿಗೆಗೂ ಇಟ್ಟೆ.
ಸಿಹಿಯಿರಲಿಲ್ಲ. ನೂರಮೂವತ್ತು ವರ್ಷದ ಇರುವೆಗಳು
ನನಗಿಂತ ಮೊದಲೇ ಬಂದು ಹೋಗಿದ್ದವು.

ಕಮಾನಿನ ಮೇಲಿನ ಪಟ್ಟಿಕೆಯಲ್ಲಿ ಬಣ್ಣದಡಿ ಬಣ್ಣ.
ತೀರ ತಳದಲ್ಲಿ ಕುದುರೆ ಜೀನು ಮತ್ತು ಬೂಟು,
ಅದರ ಮೇಲೆ ಪಿಯಾನೋ ಬಾಡಿಗೆಗೆ,
ಮಿಲಿಟರಿ ದರ್ಜಿ, ರೇಡಿಯೋ ರಿಪೇರಿ,
ಎಲ್ಲದರ ಮೇಲೆ ಅಡ್ಡಡ್ಡಕ್ಕೆ ಮೊನ್ನೆಯ ಫ್ಲೆಕ್ಸು:
ಬ್ಲೌಸ್ ಪೀಸ್, ಒಂದಕ್ಕೊಂದು ಉಚಿತ.

ಮೆಟ್ಟಿಲ ಕೆಳಗೆ ಮೂರಡಿಗೆ ನಾಲ್ಕಡಿ,
ಮುನವ್ವರ್ ಸಾಹೇಬರ ಗಡಿಯಾರದಂಗಡಿ.
‘ಪಟ್ಟಿಗೆ ಸೇರಿದ ಮೇಲೆ ಒಡೆಯೋ ಹಾಗಿಲ್ಲ, ಸರಿ.
ಮೊಳೆ ಹೊಡೆಯೋ ಹಾಗೂ ಇಲ್ಲವಂತೆ.
ಗಡಿಯಾರ ಎಲ್ಲಿ ತೂಗುಹಾಕಲಿ, ಹೇಳಿ?’
ನಮ್ಮ ನಮೂನೆಯಲ್ಲಿ ಅದಕ್ಕೆ ಕಾಲಮ್ಮಿಲ್ಲ.

ಕೊನೆಗೆ ಏಣಿ ಹತ್ತಿದೆ, ನಡುಗಮಾನಿನ ಕೀಲುಗಲ್ಲಿಗೆ.
ಕಡತದಲ್ಲಿ ಒಂದೇ ಸಾಲು:
ರಾಣಿಯ ಮುಖ, ಕಣಶಿಲೆ, ಸ್ಥಿತಿ ಸಾಧಾರಣ.
ಪಾರಿವಾಳದ ಹಿಕ್ಕೆ ಬ್ರಷ್ಷಿನಿಂದ ತೆಗೆದೆ.
ಅವಳ ಎಡಗೆನ್ನೆ ಎರಡೂಮುಕ್ಕಾಲು ಅಂಗುಲ.
ಬಲಗೆನ್ನೆ ಮೂರೂಕಾಲು.
‘ಇನ್ನೊಮ್ಮೆ ಅಳಿ’ ಎಂದಳು ಜಸಿಂತ, ಕೆಳಗಿಂದ.
ಅಳೆದೆ. ಅಷ್ಟೇ.

ಕಲ್ಲುಕುಟಿಗನಿಗೆ ಯಾರೋ
ಒಂದು ಬೆಳ್ಳಿ ರೂಪಾಯಿ ಕೊಟ್ಟಿರಬೇಕು.
ಕೂಲಿಯಲ್ಲ, ಮಾದರಿ; ಸಂಜೆ ವಾಪಸ್ಸು.
ನಾಣ್ಯದ ರಾಣಿ ಪಕ್ಕಕ್ಕೆ ತಿರುಗಿದ್ದಾಳೆ,
ಒಂದೇ ಕಣ್ಣು, ಅರ್ಧ ಬಾಯಿ, ಅರ್ಧ ಕಿರೀಟ.
ಇಲ್ಲಿ ಬೇಕಾದದ್ದು ಬೀದಿಯನ್ನು ನೇರ ದಿಟ್ಟಿಸುವ ಮುಖ.
ಉಳಿದರ್ಧ ಸಿಕ್ಕೀತೆಂದು ನಾಣ್ಯ ಮಗುಚಿ ನೋಡಿದ.
ಆ ಕಡೆ ಅವಳ ಬೆಲೆ ಬರೆದಿತ್ತು,
ಸುತ್ತ ಬಳ್ಳಿ, ಹೂವು.

ಕಾಣದ ಅರ್ಧಕ್ಕೆ ಕಂಡವಳನ್ನು ತಂದ.
ಬಲಗೆನ್ನೆ ಉಬ್ಬಿದೆ,
ಎಲೆಯಡಿಕೆ ಒತ್ತಿಟ್ಟ ಕೆನ್ನೆ ಅದು, ನನಗೆ ಗೊತ್ತು,
ನಮ್ಮಜ್ಜಿ ಮಾತಿನ ನಡುವೆ ಹೀಗೇ ತಡೆಯುತ್ತಿದ್ದಳು.
ಮೂಗಿನ ಹೊಳ್ಳೆಯ ಮೇಲೆ
ಉಳಿಯ ಮೊನೆಯಷ್ಟು ಒಂದು ತೂತು,
ಮೂಗುಬಟ್ಟು ಗಿರವಿಗೆ ಹೋದ ಹಾಗೆ.
ತುಟಿಯ ಆ ಕೊನೆ ಈಗಲೋ ಆಗಲೋ
ಏನೋ ಅಂದುಬಿಡುವಂತಿದೆ, ಒಳ್ಳೆಯದನ್ನಲ್ಲ.
ಎರಡು ಹೆಂಗಸರು, ಒಂದು ಕಿರೀಟ.
ಎಡದ ಭಾರ, ಬಲದ ಭಾರ, ಮೇಲಿನ ಹೆಂಚಿನ ಮಾಡು
ಎಲ್ಲ ಬಂದು ಒರಗಿರುವುದು
ಈ ಹೊಂದದ ಮುಖಕ್ಕೆ.

‘ಎಡದ ಅಳತೆ ಕೊಟ್ಟರೆ ಸಾಕು’ ಎಂದಳು ಜಸಿಂತ,
‘ಬಲಕ್ಕೆ ಕಂಪ್ಯೂಟರೇ ಕನ್ನಡಿ ಹಿಡಿಯುತ್ತೆ.’
ಬೇಡ, ಎಂದೆ. ಬರಕೋ.
ಹಣೆಯಿಂದ ಗಲ್ಲದವರೆಗೆ ಒಂದೊಂದಾಗಿ ಕೂಗಿದೆ,
ಬಸ್ಸಿನ ಹಾರನ್ನಿಗೆ ನಿಲ್ಲಿಸಿ, ಮತ್ತೆ ಕೂಗಿದೆ.

ಇಳಿದಾಗ ಸಾಹೇಬರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ
ಯಾರದೋ ಹೆಂಡತಿಯ ವಾಚು ಬಿಚ್ಚಿ ಕೂತಿದ್ದರು.
‘ಏನು ಸಿಕ್ತು ಮೇಲೆ?’
‘ಅರ್ಧ ಅಂಗುಲ.’
ತಲೆ ಎತ್ತಲಿಲ್ಲ.
‘ಬಹಳ ಆಯ್ತು’ ಎಂದರು. ‘ಇದು
ಇಡೀ ಗಡಿಯಾರ ಅಷ್ಟರೊಳಗೇ ಇದೆ.’